ಹಾರುವ ಪ್ರಾಚೀನ ವಿಮಾನಗಳು: ಓಲ್ಡ್ ವಾರ್ಡನ್ ಸಂಗ್ರಹದ ಚರಿತ್ರೆ

ಹಳೆಯದೊಂದನ್ನು ಉಳಿಸುವುದೆಂದರೆ ಅದರಲ್ಲಿ ಏನನ್ನು ಉಳಿಸುವುದು ಎಂಬ ಪ್ರಶ್ನೆ ಕನ್ನಡದ ವಿದ್ವಾಂಸರಿಗೆ ಹೊಸದಲ್ಲ. ಓಲೆಗರಿಯ ಪ್ರತಿಗಳನ್ನು ಹಿಡಿದು ಕುಳಿತ ಗ್ರಂಥಸಂಪಾದಕನು ತ್ರುಟಿತವಾದ ಪಾಠವನ್ನು ಹಾಗೆಯೇ ಬಿಡಬೇಕೇ, ಊಹಿಸಿ ತುಂಬಬೇಕೇ ಎಂದು ಚಿಂತಿಸುತ್ತಾನೆ. ದೇವಾಲಯದ ಜೀರ್ಣೋದ್ಧಾರಕ್ಕೆ ಹೊರಟವರು ಬಿರಿದ ಕಂಬವನ್ನು ಬದಲಿಸಿದರೆ ಗುಡಿ ಅದೇ ಗುಡಿಯಾಗಿ ಉಳಿಯುವುದೇ ಎಂದು ವಾದಿಸುತ್ತಾರೆ. ಇದೇ ಪ್ರಶ್ನೆ ಇಪ್ಪತ್ತನೆಯ ಶತಮಾನದ ಯಂತ್ರಗಳ ವಿಷಯದಲ್ಲಿಯೂ ಏಳುತ್ತದೆ. ಅದರಲ್ಲಿಯೂ ವಿಮಾನಗಳ ವಿಷಯದಲ್ಲಿ ಅತ್ಯಂತ ತೀವ್ರವಾಗಿ ಏಳುತ್ತದೆ. ಏಕೆಂದರೆ ಓಲೆಗರಿಯನ್ನು ಓದಿದರೆ ಅದು ನಾಶವಾಗುವುದಿಲ್ಲ. ವಿಮಾನವನ್ನು ಹಾರಿಸಿದರೆ ಒಂದೇ ಕ್ಷಣದಲ್ಲಿ ಅದೂ ಅದನ್ನು ನಡೆಸುವವನೂ ಇಲ್ಲವಾಗಬಹುದು. ಹೀಗಿದ್ದೂ ಹಾರಿಸಿಯೇ ಉಳಿಸಬೇಕೆಂಬ ನಿಲುವನ್ನು ತೊಂಬತ್ತು ವರ್ಷಗಳಷ್ಟು ಕಾಲ ಪಾಲಿಸಿಕೊಂಡು ಬಂದಿರುವ ಸ್ಥಳವೊಂದು ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರ್ ಪ್ರಾಂತದಲ್ಲಿದೆ. ಬಿಗಲ್ಸ್‌ವೇಡ್ ಪಟ್ಟಣದ ಸಮೀಪದ ಓಲ್ಡ್ ವಾರ್ಡನ್ ಎಂಬ ಹಳ್ಳಿಯ ಹುಲ್ಲಿನ ವಿಮಾನಾಂಗಣವೇ ಅದು. ಅಲ್ಲಿಯ ಶಟಲ್‌ವರ್ತ್ ಸಂಗ್ರಹದ ಚರಿತ್ರೆಯನ್ನೂ ಭಾರತದೊಡನೆ ಅದಕ್ಕಿರುವ ಕೆಲವು ನೈಜ ಸಂಬಂಧಗಳನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಶಟಲ್‌ವರ್ತ್ ಮನೆತನದ ಸಂಪತ್ತು ಬಂದುದು ಒಕ್ಕಣೆಯ ಕಣದಿಂದ. ಲಿಂಕನ್ ನಗರದ ಕ್ಲೇಟನ್ ಅಂಡ್ ಶಟಲ್‌ವರ್ತ್ ಸಂಸ್ಥೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಹಬೆಯ ಎಂಜಿನ್‌ಗಳಿಗೂ ಒಕ್ಕುವ ಯಂತ್ರಗಳಿಗೂ ಹೆಸರಾಗಿತ್ತು. ಅದರ ಪಾಲುದಾರನಾದ ಜೋಸೆಫ್ ಶಟಲ್‌ವರ್ತ್ ೧೮೭೨ರಲ್ಲಿ ಓಲ್ಡ್ ವಾರ್ಡನ್ ಜಮೀನನ್ನು ಕೊಂಡನು. ಮೊದಲ ಮಹಾಯುದ್ಧದಲ್ಲಿ ಇದೇ ಸಂಸ್ಥೆ ಸಾಪ್‌ವಿತ್ ಟ್ರೈಪ್ಲೇನ್ ಮತ್ತು ಕ್ಯಾಮೆಲ್ ವಿಮಾನಗಳನ್ನು ನಿರ್ಮಿಸಿಕೊಟ್ಟಿತು. ಇದರಲ್ಲಿ ಆಶ್ಚರ್ಯಪಡುವಂಥದು ಏನೂ ಇಲ್ಲ. ಅಂದಿನ ವಿಮಾನವೆಂದರೆ ಮರ, ತಂತಿ ಮತ್ತು ಬಟ್ಟೆ. ಒಕ್ಕುವ ಯಂತ್ರದ ಪೆಟ್ಟಿಗೆಯನ್ನು ಜೋಡಿಸಬಲ್ಲ ಬಡಗಿಗೆ ರೆಕ್ಕೆಯ ಚೌಕಟ್ಟು ತೀರ ಅಪರಿಚಿತವಾದ ಕೆಲಸವಲ್ಲ.

ಜೋಸೆಫನ ಮೊಮ್ಮಗನಾದ ರಿಚರ್ಡ್ ಆರ್ಮಂಡ್ ಶಟಲ್‌ವರ್ತ್ ೧೯೦೯ರಲ್ಲಿ ಹುಟ್ಟಿದನು. ಲೂಯಿ ಬ್ಲೇರಿಯೊ ಇಂಗ್ಲಿಷ್ ಕಾಲುವೆಯನ್ನು ಹಾರಿ ದಾಟಿದ್ದೂ ಆ ವರ್ಷದ ಅದೇ ಜುಲೈ ತಿಂಗಳಿನಲ್ಲಿಯೇ. ರಿಚರ್ಡನಿಗೆ ಯಂತ್ರಗಳ ಹುಚ್ಚು ಬಾಲ್ಯದಿಂದಲೂ ಇತ್ತು. ೧೯೩೨ರಲ್ಲಿ ಅವನು ಬಳಸಿದ ಡಿ ಹ್ಯಾವಿಲೆಂಡ್ ಮಾತ್ ವಿಮಾನವೊಂದನ್ನು ಕೊಂಡು ತನ್ನ ಜಮೀನಿಗೆ ತಂದನು. ಜಿ-ಇಬಿಡಬ್ಲ್ಯುಡಿ ಎಂಬ ನೋಂದಣಿಯ ಆ ವಿಮಾನದ ನೆಲೆ ಅಂದಿನಿಂದ ಇಂದಿನವರೆಗೂ ಓಲ್ಡ್ ವಾರ್ಡನ್ನೇ. ೧೯೩೩ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ವೈಸ್‌ರಾಯ್ ಪಾರಿತೋಷಕಕ್ಕಾಗಿ ಒಂದು ವಿಮಾನ ಸ್ಪರ್ಧೆ ನಡೆಯಿತು. ಅದರಲ್ಲಿ ಭಾಗವಹಿಸಲೆಂದು ರಿಚರ್ಡ್ ಮತ್ತು ಅವನ ಗೆಳೆಯ ಜಾರ್ಜ್ ಸ್ಟೆಡ್ ಎರಡು ಕಾಂಪರ್ ಸ್ವಿಫ್ಟ್ ವಿಮಾನಗಳಲ್ಲಿ ಇಂಗ್ಲೆಂಡಿನಿಂದ ಭಾರತದವರೆಗೆ ಹಾರಿ ಬಂದರು. ಸ್ವಿಫ್ಟ್ ಎಂಬುದು ಒಬ್ಬನೇ ಕೂರಬಹುದಾದ ಪುಟ್ಟ ಮರದ ವಿಮಾನ. ಅಂಥದರಲ್ಲಿ ಇಷ್ಟು ದೂರ ಬರುವುದೇ ಒಂದು ಸಾಹಸವಾಗಿತ್ತು. ಮೋಟಾರು ಪಂದ್ಯಗಳಲ್ಲಿಯೂ ಅವನಿಗೆ ಕೀರ್ತಿ ಬಂದಿತು. ೧೯೩೫ರ ಡಾನಿಂಗ್ಟನ್ ಗ್ರಾಂಡ್ ಪ್ರೀ ಪಂದ್ಯವನ್ನು ಗೆದ್ದವನು ಅವನೇ. ಮರುವರ್ಷ ದಕ್ಷಿಣ ಆಫ್ರಿಕದ ಪಂದ್ಯದಲ್ಲಿ ತೀವ್ರವಾಗಿ ಗಾಯಗೊಂಡ ಮೇಲೆ ಅವನ ಗಮನವೆಲ್ಲ ವಿಮಾನಗಳ ಕಡೆಗೆ ತಿರುಗಿತು.

ಸಂಗ್ರಹದ ಆರಂಭ ೧೯೩೫ರಲ್ಲಿ. ೧೯೦೯ರ ಬ್ಲೇರಿಯೊ ವಿಮಾನವೊಂದು, ತಯಾರಿಕೆಯ ಸಂಖ್ಯೆ ೧೪, ಹೆಂಡನ್‌ನ ತರಬೇತಿ ಶಾಲೆಯಲ್ಲಿ ಬಳಕೆಯಾಗಿ ೧೯೧೨ರಲ್ಲಿ ಅಪಘಾತಕ್ಕೀಡಾಗಿ ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್ ರೈಲುಸೇತುವೆಯ ಕೆಳಗೆ ಬಿದ್ದಿತ್ತು. ಎ.ಇ. ಗ್ರಿಮ್ಮರ್ ಎಂಬಾತ ಅದನ್ನು ಕೊಂಡು ದುರಸ್ತಿ ಮಾಡಿ ಕೆಲಕಾಲ ಹಾರಿಸಿದನು. ಅವನಿಂದ ಅದು ರಿಚರ್ಡನ ಕೈಸೇರಿತು. ಅದೇ ವರ್ಷ ೧೯೧೦ರ ಡೆಪರ್ಡುಸಾನ್ ಕೂಡ ದೊರೆಯಿತು. ಕೆಲವು ವರ್ಷಗಳ ತರುವಾಯ ೧೯೧೨ರಲ್ಲಿ ನಿರ್ಮಿತವಾದ ಬ್ಲ್ಯಾಕ್‌ಬರ್ನ್ ಏಕಪಟಲ ವಿಮಾನ ಪತ್ತೆಯಾಯಿತು. ಅದರ ಒಡೆಯನಾಗಿದ್ದ ರೈತನು ೧೯೧೪ರಲ್ಲಿ ಅಪಘಾತಮಾಡಿಕೊಂಡು ಅವಶೇಷಗಳನ್ನು ತನ್ನ ಹೊಲಮನೆಯಲ್ಲಿ ಬಿಟ್ಟಿದ್ದನು. ಯುದ್ಧದ ಕಾರಣದಿಂದ ಕೆಲಸ ನಿಂತು, ಅದು ಮತ್ತೆ ಹಾರಿದ್ದು ೧೯೪೯ರಲ್ಲಿ. ಹಾರಬಲ್ಲ ಬ್ರಿಟಿಷ್ ನಿರ್ಮಿತ ವಿಮಾನಗಳಲ್ಲಿ ಅದೇ ಅತಿ ಪ್ರಾಚೀನ. ಬ್ಲೇರಿಯೊವಂತೂ ಜಗತ್ತಿನಲ್ಲಿಯೇ ಹಾರುವ ಸ್ಥಿತಿಯಲ್ಲಿರುವ ಅತಿ ಹಳೆಯ ವಿಮಾನವೆಂದು ಮಾನ್ಯವಾಗಿದೆ. ಅದಕ್ಕೆ ಸಮೀಪದ ಸ್ಪರ್ಧಿಯಿರುವುದೂ ಇಂಥದೇ ಒಂದು ಹಳ್ಳಿಯ ಅಂಗಣದಲ್ಲಿ, ನ್ಯೂಯಾರ್ಕ್ ರಾಜ್ಯದ ಓಲ್ಡ್ ರೈನ್‌ಬೆಕ್‌ನಲ್ಲಿ.

ರಿಚರ್ಡನ ಕಾಲದ ಒಂದು ಕೆಲಸ ಇಂದಿನ ದೃಷ್ಟಿಗೆ ಚರ್ಚಾಸ್ಪದ. ಯುದ್ಧಾನಂತರ ಸಾಪ್‌ವಿತ್ ಸಂಸ್ಥೆಯು ತನ್ನ ಪಪ್ ಎಂಬ ಯುದ್ಧವಿಮಾನವನ್ನು ಇಬ್ಬರು ಕೂರುವ ನಾಗರಿಕ ವಿಮಾನವಾಗಿ ಮಾರ್ಪಡಿಸಿ ಡವ್ ಎಂಬ ಹೆಸರಿನಿಂದ ಹತ್ತನ್ನು ಮಾತ್ರ ನಿರ್ಮಿಸಿತ್ತು. ಅವುಗಳಲ್ಲೊಂದು ರಿಚರ್ಡನಿಗೆ ಸಿಕ್ಕಿತು. ಅವನು ಅದನ್ನು ಪಪ್ ರೂಪಕ್ಕೆ ಬದಲಾಯಿಸಿಬಿಟ್ಟನು. ಪ್ರೇಕ್ಷಕರಿಗೆ ಯುದ್ಧಕಾಲದ ಪಪ್ ಪ್ರಿಯವಾಗಿದ್ದಿರಬಹುದು. ಆದರೆ ವಿರಳವಾದ ಪಾಠವನ್ನು ಅಳಿಸಿ ಪ್ರಸಿದ್ಧವಾದ ಪಾಠವನ್ನು ಮೂಲವೆಂದು ಅಚ್ಚುಹಾಕಿದ ಸಂಪಾದಕನ ಕೆಲಸಕ್ಕೂ ಇದಕ್ಕೂ ಭೇದವಿಲ್ಲ. ಆ ವಿಮಾನ ಇಂದಿಗೂ ಪಪ್ ಆಗಿಯೇ ಹಾರುತ್ತ ಬಂದಿದೆ.

೧೯೪೦ರ ಆಗಸ್ಟ್ ೨ರಂದು ರಾಜವಾಯುಪಡೆಯ ತರಬೇತಿಯಲ್ಲಿದ್ದಾಗ ಫೇರಿ ಬ್ಯಾಟಲ್ ವಿಮಾನದ ರಾತ್ರಿ ಹಾರಾಟದಲ್ಲಿ ರಿಚರ್ಡ್ ಮಡಿದನು. ವಯಸ್ಸು ಮೂವತ್ತೊಂದು, ಮದುವೆಯಾಗಿರಲಿಲ್ಲ. ತಾಯಿ ಡೊರೋಥಿ ಕ್ಲೊಟಿಲ್ಡಾ ಶಟಲ್‌ವರ್ತ್‌ಗೆ ಅವನೊಬ್ಬನೇ ಮಗ. ಆಕೆ ೧೯೪೪ರಲ್ಲಿ ಮಗನ ಹೆಸರಿನ ಸ್ಮಾರಕ ನ್ಯಾಸವನ್ನು ಸ್ಥಾಪಿಸಿ ಜಮೀನನ್ನೂ ಮನೆಯನ್ನೂ ಅದಕ್ಕೆ ವಹಿಸಿದರು. ನ್ಯಾಸದ ಉದ್ದೇಶ ಎರಡು: ಕೃಷಿ ಮತ್ತು ವಾಯುಯಾನ ಇವುಗಳ ಶಾಸ್ತ್ರವನ್ನೂ ಪ್ರಯೋಗವನ್ನೂ ಕಲಿಸುವುದು. ೧೯೪೬ರಲ್ಲಿ ದೊಡ್ಡಮನೆಯಲ್ಲಿ ಕೃಷಿ ವಿದ್ಯಾಲಯ ತೆರೆಯಿತು. ವಿಮಾನಗಳ ಸಂಗ್ರಹ ಸಾರ್ವಜನಿಕರಿಗೆ ನಿಯತವಾಗಿ ತೆರೆದುದು ೧೯೬೩ರಲ್ಲಿ. ಆ ತಾಯಿ ೧೯೬೮ರವರೆಗೆ ಬದುಕಿದ್ದರು. ನ್ಯಾಸದ ಈ ಸ್ವರೂಪವೇ ಸಂಗ್ರಹವನ್ನು ಉಳಿಸಿತೆಂದು ಹೇಳಬೇಕು. ಖಾಸಗಿ ಸಂಗ್ರಹಗಳು ಒಡೆಯನ ಮರಣಾನಂತರ ಹರಾಜಿನಲ್ಲಿ ಚದುರುವುದೇ ಸಾಮಾನ್ಯ. ನಮ್ಮ ಮನೆತನಗಳ ಹಸ್ತಪ್ರತಿ ಭಂಡಾರಗಳ ಗತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ನೆಲ, ಕೊಟ್ಟಿಗೆ, ವಿಮಾನ ಮೂರೂ ಒಂದೇ ಆಡಳಿತದಲ್ಲಿ ಉಳಿದವು.

ನೆಲದ ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಓಲ್ಡ್ ವಾರ್ಡನ್‌ನ ಓಟಪಥ ಹುಲ್ಲಿನದು. ಇದು ಬಡತನದ ಗುರುತಲ್ಲ, ರಕ್ಷಣೆಯ ಅಂಗ. ೧೯೨೦ರ ದಶಕದವರೆಗಿನ ಬಹುತೇಕ ವಿಮಾನಗಳ ಬಾಲದ ಕೆಳಗೆ ಚಕ್ರವಿರುತ್ತಿರಲಿಲ್ಲ. ಮರದ ಅಥವಾ ಲೋಹದ ಒಂದು ಊರುಗೋಲು ಇರುತ್ತಿತ್ತು. ಗಾಲಿಗಳಿಗೆ ಬಿರಿಯೂ ಇರುತ್ತಿರಲಿಲ್ಲ. ಊರುಗೋಲು ಹುಲ್ಲನ್ನು ಗೀರುತ್ತ ಎಳೆದಾಗ ಹುಟ್ಟುವ ತಡೆಯೇ ಬಿರಿಯ ಕೆಲಸ ಮಾಡುತ್ತಿತ್ತು, ದಿಕ್ಕನ್ನೂ ಕಾಯುತ್ತಿತ್ತು. ಇಂಥ ವಿಮಾನವನ್ನು ಕಾಂಕ್ರೀಟಿನ ಮೇಲೆ ಇಳಿಸಿದರೆ ಅದು ಜಾರಿ ಸುತ್ತಿಬಿಡುತ್ತದೆ. ಅಡ್ಡಗಾಳಿಯನ್ನು ಅದು ಸಹಿಸದು. ಗಾಳಿಗೆ ಮುಖಮಾಡಿಯೇ ಏಳಬೇಕು, ಇಳಿಯಬೇಕು. ಆದುದರಿಂದ ಹಳೆಯ ವಿಮಾನಾಂಗಣಗಳೆಂದರೆ ಎತ್ತಲಿಂದಲೂ ಏರಬಹುದಾದ ವಿಶಾಲ ಹುಲ್ಲುಗಾವಲುಗಳು. ಅಂಗಣಗಳಿಗೆ ಕಾಂಕ್ರೀಟು ಬಂದ ಮೇಲೆ ಹಳೆಯ ವಿಮಾನಗಳಿಗೆ ನಿಲ್ಲಲು ನೆಲವೇ ಇಲ್ಲದಂತಾಯಿತು. ಭಾಷೆಯೊಂದನ್ನು ಉಳಿಸಲು ಅದನ್ನಾಡುವ ಬೀದಿಯೂ ಉಳಿಯಬೇಕೆಂಬುದನ್ನು ಮುಂಬಯಿ, ಪುಣೆ, ಹೈದರಾಬಾದುಗಳ ಕನ್ನಡಿಗರು ಅನುಭವದಿಂದ ಬಲ್ಲರು.

ಬ್ಲೇರಿಯೊ, ಡೆಪರ್ಡುಸಾನ್‌ಗಳಂಥ ಅತಿ ಪ್ರಾಚೀನ ವಿಮಾನಗಳನ್ನು ಹೊರತೆಗೆಯುವುದು ಪ್ರದರ್ಶನದ ದಿನ ಸಂಜೆ ಗಾಳಿ ಬಹುತೇಕ ನಿಂತ ಮೇಲೆಯೇ. ಎಲೆ ಅಲುಗಿದರೆ ಕಾರ್ಯಕ್ರಮ ರದ್ದು. ಬ್ಲೇರಿಯೊದ ಮೂರು ಉರುಳೆಗಳ ಆನ್ಜಾನಿ ಎಂಜಿನ್ನಿನ ಶಕ್ತಿ ಸುಮಾರು ೨೫ ಅಶ್ವಶಕ್ತಿ, ಅಂದರೆ ಇಂದಿನ ಸಾಧಾರಣ ಮೋಟಾರ್ ಸೈಕಲ್ಲಿನದಕ್ಕಿಂತ ಹೆಚ್ಚೇನೂ ಅಲ್ಲ. ಇಡೀ ರೆಕ್ಕೆಯನ್ನೇ ತಂತಿಗಳಿಂದ ತಿರುಚಿ ಅದರ ಸಮತೋಲವನ್ನು ಕಾಪಾಡಬೇಕು. ಆದ್ದರಿಂದ ಅದು ನೆಲದಿಂದ ಕೆಲವೇ ಅಡಿ ಎದ್ದು ನೇರವಾಗಿ ಅಂಗಣದ ಉದ್ದಕ್ಕೂ ನೆಗೆದು ಇಳಿಯುತ್ತದೆ. ಇಷ್ಟಕ್ಕಾಗಿ ಜನ ಗಂಟೆಗಟ್ಟಲೆ ಕಾದಿರುತ್ತಾರೆ.

ಮೊದಲ ಮಹಾಯುದ್ಧದ ಅನೇಕ ವಿಮಾನಗಳ ಎಂಜಿನ್ನುಗಳು ಮತ್ತೊಂದು ಬಗೆಯವು. ಅವುಗಳಲ್ಲಿ ನಡುವಣ ದಂಡ ಸ್ಥಿರ. ಅದರ ಸುತ್ತ ಉರುಳೆಗಳೆಲ್ಲ ಪ್ರೊಪೆಲರಿನೊಂದಿಗೆ ಗರಗರನೆ ತಿರುಗುತ್ತವೆ. ಇಷ್ಟು ಭಾರ ತಿರುಗುವಾಗ ಬುಗುರಿಯ ಗುಣ ಬಂದು, ಎಡಕ್ಕೆ ಹೊರಳುವಾಗ ಒಂದು ರೀತಿ, ಬಲಕ್ಕೆ ಹೊರಳುವಾಗ ಇನ್ನೊಂದು ರೀತಿ ವಿಮಾನ ವರ್ತಿಸುತ್ತದೆ. ವೇಗವನ್ನು ನಯವಾಗಿ ಹೆಚ್ಚುಕಡಿಮೆ ಮಾಡುವ ಅನುಕೂಲ ಅದರಲ್ಲಿ ಅಷ್ಟಾಗಿ ಇಲ್ಲ. ಇಳಿಯುವಾಗ ಗುಂಡಿಯೊತ್ತಿ ಕಿಡಿಯನ್ನು ಕ್ಷಣಕ್ಷಣಕ್ಕೂ ನಿಲ್ಲಿಸಿ ಬಿಡಬೇಕು. ಆ ಕತ್ತರಿಸಿದ ಮೊರೆತವನ್ನು ಯಾವ ಗಾಜಿನ ಪೆಟ್ಟಿಗೆಯ ವಸ್ತುಸಂಗ್ರಹಾಲಯವೂ ಕೇಳಿಸಲಾರದು. ಈ ಎಂಜಿನ್ನಿಗೆ ಹಾಕುವುದು ಹರಳೆಣ್ಣೆ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಎಂಜಿನ್ನಿನ ಒಡಲಿನ ಮೂಲಕವೇ ಹಾಯುವುದರಿಂದ ಖನಿಜತೈಲವಾದರೆ ತೊಳೆದುಹೋಗುತ್ತದೆ; ಹರಳೆಣ್ಣೆ ಪೆಟ್ರೋಲಿನಲ್ಲಿ ಸುಲಭವಾಗಿ ಕರಗದು. ಒಮ್ಮೆ ಬಳಸಿದ ಎಣ್ಣೆ ಹೊಗೆಯೊಡನೆ ಹೊರಗೆ ಚಿಮ್ಮಿ ಚಾಲಕನ ಮುಖವನ್ನು ತೋಯಿಸುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಹರಳುಬೀಜದ ದೊಡ್ಡ ಪೂರೈಕೆ ಭಾರತದ್ದಾಗಿತ್ತು. ನಮ್ಮಲ್ಲಿ ತಲೆಗೆ ಹಚ್ಚುವ, ದೀಪಕ್ಕೆ ಹೊಯ್ಯುವ, ಮಕ್ಕಳಿಗೆ ಕುಡಿಸುವ ಎಣ್ಣೆ ಫ್ರಾನ್ಸಿನ ಆಕಾಶದ ಕಾಳಗದಲ್ಲಿ ಸುಡುತ್ತಿತ್ತೆಂಬುದು ಆರ್ಥಿಕ ಇತಿಹಾಸಕಾರರ ಗಮನಕ್ಕೆ ಯೋಗ್ಯವಾದ ಸಂಗತಿ.

ಇನ್ನು ಮೂಲ ಮತ್ತು ಪ್ರತಿಯ ಪ್ರಶ್ನೆ. ರೆಕ್ಕೆಗೆ ಹೊದಿಸಿದ ಅಗಸೆನಾರಿನ ಬಟ್ಟೆ, ಅದನ್ನು ಬಿಗಿಗೊಳಿಸಲು ಬಳಿಯುವ ಡೋಪ್ ಎಂಬ ಲೇಪ ಇವು ಕೆಲವು ದಶಕಗಳಿಗಿಂತ ಹೆಚ್ಚು ಬಾಳವು. ಹಾಲಿನ ಸಾರದಿಂದ ಮಾಡಿದ ಹಳೆಯ ಅಂಟು ತೇವಕ್ಕೆ ಬಿಡುತ್ತದೆ. ಹಾಗಾಗಿ ಹಾರುವ ವಿಮಾನದಲ್ಲಿ ಬಟ್ಟೆಯಂತೂ ಮೂಲದ್ದಲ್ಲ, ಮರದಲ್ಲಿಯೂ ಒಂದಂಶವೇ ಮೂಲದ್ದು. ಸಂಗ್ರಹದ ಎಸ್‌ಇ-೫ಎ ಯುದ್ಧವಿಮಾನದ ಇತಿಹಾಸ ಇಲ್ಲಿ ಗಮನಾರ್ಹ. ಎಫ್‌-೯೦೪ ಸಂಖ್ಯೆಯ ಅದು ೧೯೧೮ರಲ್ಲಿ ೮೪ನೆಯ ದಳದಲ್ಲಿತ್ತು. ಶಾಂತಿ ಬಂದ ಮೇಲೆ ಆಕಾಶದಲ್ಲಿ ಹೊಗೆಯಿಂದ ಜಾಹೀರಾತು ಬರೆಯುವ ಜ್ಯಾಕ್ ಸ್ಯಾವೇಜನ ಸಂಸ್ಥೆಗೆ ಸೇರಿತು. ೧೯೫೫ರಲ್ಲಿ ಕಾರ್ಖಾನೆಯೊಂದರ ಮಾಡಿನಿಂದ ಇಳಿಬಿದ್ದಿದ್ದುದು ಪತ್ತೆಯಾಗಿ ೧೯೫೯ರಲ್ಲಿ ಮತ್ತೆ ಹಾರಿತು. ಇದರ ಯಾವ ಅವಸ್ಥೆ ಮೂಲ? ಯುದ್ಧದ ಬಣ್ಣ ಬಳಿದರೆ ಜಾಹೀರಾತಿನ ಬಾಳು ಮರೆಯಾಗುತ್ತದೆ; ಆ ಬಾಳಿಲ್ಲದಿದ್ದರೆ ವಿಮಾನವೇ ಉಳಿಯುತ್ತಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದುದು ಸಾಪ್‌ವಿತ್ ಟ್ರೈಪ್ಲೇನ್. ಉತ್ತರ ಇಂಗ್ಲೆಂಡಿನ ಸ್ವಯಂಸೇವಕರ ಕಾರ್ಯಾಗಾರವೊಂದು ಹಳೆಯ ನಕ್ಷೆಗಳನ್ನು ಅನುಸರಿಸಿ ಅನೇಕ ವರ್ಷಗಳ ಕಾಲ ದುಡಿದು ಅದನ್ನು ಹೊಸದಾಗಿಯೇ ನಿರ್ಮಿಸಿತು. ೧೯೮೯ರವರೆಗೆ ಜೀವಿಸಿದ್ದ ಸರ್ ಥಾಮಸ್ ಸಾಪ್‌ವಿತ್ ಆ ಕೆಲಸದ ನಿಷ್ಠೆಯನ್ನು ಮೆಚ್ಚಿ, ಇದನ್ನು ಪ್ರತಿಕೃತಿಯೆಂದಲ್ಲ, ತಡವಾಗಿ ಹೊರಬಂದ ತಮ್ಮದೇ ತಯಾರಿಕೆಯೆಂದು ಪರಿಗಣಿಸಿದರು. ಕವಿ ಬದುಕಿದ್ದು ಲಿಪಿಕಾರನ ಪ್ರತಿಗೆ ಸಹಿ ಹಾಕಿದಂಥ ಅಪರೂಪದ ಪ್ರಸಂಗವಿದು. ಸಂಗ್ರಹದಲ್ಲಿರುವ ಬಾಕ್ಸ್‌ಕೈಟ್, ಆವ್ರೋ ಟ್ರೈಪ್ಲೇನುಗಳು ಮಾತ್ರ ೧೯೬೫ರ ಹಾಸ್ಯಚಿತ್ರವೊಂದಕ್ಕಾಗಿ ಕಟ್ಟಿದವು. ಆದರೆ ಅವುಗಳಿಗೂ ಈಗ ಅರುವತ್ತು ವರ್ಷ ತುಂಬಿ, ಅವೇ ಪ್ರಾಚೀನವಾಗುತ್ತಿವೆ.

ಕಾಮೆಟ್ ವಿಮಾನದ ಕಥೆಯಲ್ಲಿ ನೆಲ ಮತ್ತು ಯಂತ್ರಗಳ ಸಂಬಂಧ ಇನ್ನೊಂದು ಮುಖದಿಂದ ಕಾಣುತ್ತದೆ. ೧೯೩೪ರಲ್ಲಿ ಇಂಗ್ಲೆಂಡಿನಿಂದ ಮೆಲ್ಬರ್ನ್‌ಗೆ ನಡೆದ ಮಹಾಸ್ಪರ್ಧೆಯಲ್ಲಿ ಗೆದ್ದುದು ಕೆಂಪು ಬಣ್ಣದ ಈ ಎರಡೆಂಜಿನ್ನಿನ ಮರದ ವಿಮಾನ. ಸ್ಕಾಟ್ ಮತ್ತು ಕ್ಯಾಂಪ್‌ಬೆಲ್ ಬ್ಲ್ಯಾಕ್ ಬಾಗ್ದಾದ್, ಅಲಹಾಬಾದ್, ಸಿಂಗಪುರಗಳ ಮಾರ್ಗವಾಗಿ ಸುಮಾರು ೭೧ ಗಂಟೆಗಳಲ್ಲಿ ಗುರಿಮುಟ್ಟಿದರು. ೧೯೬೫ರಲ್ಲಿ ವಿಮಾನ ಸಂಗ್ರಹಕ್ಕೆ ಬಂದಿತು, ೧೯೮೭ರಲ್ಲಿ ಹ್ಯಾಟ್‌ಫೀಲ್ಡಿನಲ್ಲಿ ಮತ್ತೆ ಹಾರಿತು. ಆದರೆ ವೇಗವಾಗಿ ಇಳಿಯುವ ಅದಕ್ಕೆ ಓಲ್ಡ್ ವಾರ್ಡನ್‌ನ ಹುಲ್ಲು ಚಿಕ್ಕದಾಗಿತ್ತು. ಹ್ಯಾಟ್‌ಫೀಲ್ಡ್ ಅಂಗಣ ಮುಚ್ಚಿದ ಮೇಲೆ ಓಟಪಥವನ್ನು ಉದ್ದಮಾಡಬೇಕಾಯಿತು. ೨೦೦೨ರ ಹಾರಾಟದಲ್ಲಿ ಇಳಿಯುವಾಗ ಚಕ್ರದ ಕಾಲು ಕುಸಿದು ಮತ್ತೆ ದುರಸ್ತಿಗೆ ಹೋದ ವಿಮಾನ ಪುನಃ ಎದ್ದುದು ೨೦೧೪ರಲ್ಲಿ. ಒಂದು ಇಳಿತದ ತಪ್ಪಿಗೆ ಹನ್ನೆರಡು ವರ್ಷ.

ಅಪಾಯ ಯಂತ್ರಕ್ಕೆ ಮಾತ್ರವಲ್ಲ. ೧೯೯೬ರ ಜುಲೈಯಲ್ಲಿ ಜಗತ್ತಿನಲ್ಲಿ ಅಂದು ಹಾರುತ್ತಿದ್ದ ಏಕೈಕ ಮಸ್ಕಿಟೊ ವಿಮಾನ ಮ್ಯಾಂಚೆಸ್ಟರ್ ಬಳಿ ನೆಲಕ್ಕೆ ಬಿದ್ದು ಇಬ್ಬರೂ ಸತ್ತರು. ೨೦೧೨ರ ಜುಲೈ ೧ರಂದು ಓಲ್ಡ್ ವಾರ್ಡನ್ನಿನಲ್ಲಿಯೇ ಪ್ರದರ್ಶನದ ವೇಳೆ ಡಿಎಚ್-೫೩ ಎಂಬ ಪುಟ್ಟ ವಿಮಾನ ಬಿದ್ದು ಚಾಲಕನು ಮೃತನಾದನು. ಇಂಥ ಘಟನೆಗಳ ಬಳಿಕ, ಏಕೈಕವಾಗಿ ಉಳಿದ ವಸ್ತುಗಳನ್ನು ಹಾರಿಸಕೂಡದೆಂಬ ವಾದಕ್ಕೆ ಬಲ ಬರುವುದು ಸಹಜ. ಅದನ್ನು ತಳ್ಳಿಹಾಕಲು ಬರುವುದಿಲ್ಲ. ಆದರೂ ಎರಡು ಸಂಗತಿಗಳನ್ನು ಎದುರಿಗಿಡಬೇಕು. ಮಸ್ಕಿಟೊ ನಾಶವಾದ ಹದಿನಾರು ವರ್ಷಗಳ ನಂತರ, ೨೦೧೨ರಲ್ಲಿ, ನ್ಯೂಜಿಲೆಂಡಿನಲ್ಲಿ ಹೊಸ ಅಚ್ಚುಗಳನ್ನು ಮಾಡಿ ಮರದ ಒಡಲನ್ನು ಪುನಃ ಕಟ್ಟಿ ಇನ್ನೊಂದನ್ನು ಹಾರಿಸಿದರು. ಕಸುಬು ಜೀವಂತವಾಗಿದ್ದುದರಿಂದ ಅದು ಸಾಧ್ಯವಾಯಿತು. ಎರಡನೆಯದು, ಹಾರದೆ ನಿಂತ ವಿಮಾನವೇನೂ ಚಿರಂಜೀವಿಯಲ್ಲ. ನಡೆಯದ ಎಂಜಿನ್ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಅದನ್ನು ನಡೆಸಬಲ್ಲವನು ನಿವೃತ್ತನಾಗುತ್ತಾನೆ. ಪ್ರಸ್ತುತ ಲೇಖಕನ ಅಭಿಪ್ರಾಯದಲ್ಲಿ, ಒಂದೇ ಮಾದರಿಯ ಎರಡು ಉಳಿದಿದ್ದರೆ ಒಂದನ್ನು ಮುಟ್ಟದೆ ಇರಿಸಿ ಇನ್ನೊಂದನ್ನು ಹಾರಿಸುವುದು ಯುಕ್ತ. ಒಂದೇ ಉಳಿದಿದ್ದರೆ, ಓಲ್ಡ್ ವಾರ್ಡನ್‌ನವರು ಬ್ಲೇರಿಯೊಗೆ ಮಾಡುವಂತೆ, ಕೆಲವು ಅಡಿಗಳ ಎತ್ತರವೇ ಸಾಕು.

ಈಗ ಭಾರತದ ಸಂಬಂಧಗಳು. ಸಂಗ್ರಹದ ಹಾಕರ್ ಹಿಂಡ್ ವಿಮಾನ ೧೯೩೦ರ ದಶಕದ್ದು. ಅಫ್ಘಾನಿಸ್ತಾನದ ವಾಯುಪಡೆಗೆ ಮಾರಾಟವಾಗಿ ೧೯೫೬ರವರೆಗೆ ಅಲ್ಲಿಯೇ ದುಡಿಯಿತು. ೧೯೭೦ರಲ್ಲಿ ಅಫ್ಘಾನ್ ಸರಕಾರ ಅದನ್ನು ಕಾಣಿಕೆಯಾಗಿ ಕೊಟ್ಟಾಗ ಲಾರಿಯ ಮೇಲೆ ಹೇರಿ ಕಾಬೂಲಿನಿಂದ ಭೂಮಾರ್ಗವಾಗಿ ಸುಮಾರು ಆರು ಸಾವಿರ ಮೈಲಿ ಸಾಗಿಸಿದರು. ೧೯೮೧ರಲ್ಲಿ ಅದು ಹಾರಿತು. ಇದಕ್ಕಿಂತ ಹತ್ತಿರದ್ದು ಸ್ಕಾರ್ಲೆಟ್ ಏಂಜೆಲ್ ಎಂಬ ಹೆಸರಿನ ಕಾಂಪರ್ ಸ್ವಿಫ್ಟ್. ೧೯೩೨ರಲ್ಲಿ ನಿರ್ಮಿತವಾದ ಅದರ ಮೊದಲ ಒಡೆಯ ಭಾರತದ ಚಹಾ ತೋಟಗಾರ ಆಲ್ಬನ್ ಅಲಿ, ನೋಂದಣಿ ವಿಟಿ-ಎಡಿಒ. ರಿಚರ್ಡನು ಸ್ಪರ್ಧಿಸಿದ ೧೯೩೩ರ ಅದೇ ದೆಹಲಿ ಪಂದ್ಯದಲ್ಲಿ ಇದೂ ಹಾರಿತ್ತು. ಬಳಿಕ ಇಂಗ್ಲೆಂಡಿಗೆ ಹೋಗಿ ಜಿ-ಎಸಿಟಿಎಫ್ ಆಗಿ, ಹಲವು ಕೈಗಳನ್ನು ದಾಟಿ, ಕೊನೆಗೆ ರಿಚರ್ಡನ ಅಂಗಣವನ್ನೇ ಸೇರಿತು.

ನಮ್ಮ ನೆಲದಲ್ಲಿಯೇ ಉಳಿದವುಗಳ ಗತಿ ಬೇರೆ. ಮೊದಲ ಮಹಾಯುದ್ಧದ ತರುವಾಯ ಬ್ರಿಟಿಷ್ ಸರಕಾರ ಭಾರತಕ್ಕೆ ಕೊಟ್ಟ ವಿಮಾನಗಳಲ್ಲಿ ಕೆಲವು ಡಿಎಚ್-೯ಗಳು ಬಿಕಾನೇರ್ ಸಂಸ್ಥಾನಕ್ಕೆ ಬಂದಿದ್ದವು. ಅವುಗಳ ಅವಶೇಷಗಳು ಹಳೆಯ ಆನೆಲಾಯದಲ್ಲಿ, ಗೆದ್ದಲು ತಿಂದ ಮರದೊಂದಿಗೆ, ದಶಕಗಳ ಕಾಲ ಬಿದ್ದಿದ್ದವು. ೨೦೦೦ದ ಸುಮಾರಿಗೆ ಇಂಗ್ಲೆಂಡಿನ ತಜ್ಞರು ಅವನ್ನು ಕೊಂಡೊಯ್ದು, ೨೦೧೯ರಲ್ಲಿ ಡಕ್ಸ್‌ಫರ್ಡಿನಲ್ಲಿ ಒಂದನ್ನು ಹಾರಿಸಿದರು. ಹೈದರಾಬಾದಿನ ನಿಜಾಮರು ಕೊಟ್ಟ ಹಣದಿಂದ ೧೯೧೮ರಲ್ಲಿ ಸಜ್ಜಾದ ೧೧೦ನೆಯ ದಳದ ಡಿಎಚ್-೯ಎ ವಿಮಾನವೊಂದು, ಎಫ್-೧೦೧೦, ಜರ್ಮನರ ವಶವಾಗಿ, ಪೋಲೆಂಡಿನಲ್ಲಿ ಉಳಿದು, ಈಗ ಲಂಡನ್ನಿನ ಹೆಂಡನ್ ಸಂಗ್ರಹಾಲಯದಲ್ಲಿದೆ. ಹೈದರಾಬಾದು ಸಂಸ್ಥಾನದ ಇತಿಹಾಸವನ್ನು ಅಭ್ಯಸಿಸುವ ನಮ್ಮವರು ಅದನ್ನು ಆಕರವೆಂದು ಪರಿಗಣಿಸಿದಂತೆ ಕಾಣುವುದಿಲ್ಲ.

ಭಾರತೀಯ ವಾಯುಪಡೆ ಈಚೆಗೆ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. ೨೦೧೨ರಲ್ಲಿ ಟೈಗರ್ ಮಾತ್ ಒಂದು ವಾಯುಪಡೆ ದಿನದಂದು ಹಾರಿತು. ೨೦೧೮ರಲ್ಲಿ ಇಂಗ್ಲೆಂಡಿನಲ್ಲಿ ಸಜ್ಜುಗೊಂಡ ಡಕೋಟಾ ಪರಶುರಾಮ ಎಂಬ ಹೆಸರಿನಿಂದ ವಾಯುಪಡೆಯನ್ನು ಸೇರಿತು. ಅದರ ಮೈಮೇಲಿರುವ ವಿಪಿ-೯೦೫ ಎಂಬ ಸಂಖ್ಯೆ ೧೯೪೭ರ ಅಕ್ಟೋಬರಿನಲ್ಲಿ ಶ್ರೀನಗರಕ್ಕೆ ಸೈನಿಕರನ್ನು ಒಯ್ದ ವಿಮಾನದ್ದು. ಒಡಲು ಮಾತ್ರ ಇಂಗ್ಲೆಂಡಿನಲ್ಲಿ ಬೇರೆ ಸೇವೆಯಲ್ಲಿದ್ದ ಮತ್ತೊಂದು ವಿಮಾನದ್ದು. ಸ್ಮಾರಕವಾಗಿ ಇದು ಗೌರವಾರ್ಹ, ಆಕರವಾಗಿ ಮಾತ್ರ ಹೆಸರನ್ನೂ ಒಡಲನ್ನೂ ಬೇರೆಬೇರೆಯಾಗಿ ಓದಬೇಕು. ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆ ೨೦೦೧ರಲ್ಲಿ ತೆರೆದ ಪರಂಪರಾ ಕೇಂದ್ರದಲ್ಲಿ ಎಚ್‌ಟಿ-೨, ಮಾರುತ ಮೊದಲಾದವು ನಿಂತಿವೆ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡು ೧೯೫೧ರಲ್ಲಿ ಹಾರಿದ ಎಚ್‌ಟಿ-೨, ವಾಯುಪಡೆಯ ತರಬೇತಿಯಲ್ಲಿ ಟೈಗರ್ ಮಾತ್‌ನ ಸ್ಥಾನವನ್ನು ತುಂಬಿದ ಬೆಂಗಳೂರಿನ ಸ್ವಂತ ವಿಮಾನ. ಅದನ್ನು ಜೋಡಿಸಿದ ಕಾರ್ಮಿಕರಲ್ಲಿ ಹಲವರ ಮಾತು ಕನ್ನಡವೇ ಆಗಿತ್ತು. ಕಾರ್ಖಾನೆಯ ನೆಲದಲ್ಲಿ ರೆಕ್ಕೆಗೂ ಬೆಸುಗೆಗೂ ಅಚ್ಚಿಗೂ ಅವರು ಬಳಸಿದ ಪದಗಳನ್ನು, ಹೇಳಬಲ್ಲವರು ಇರುವಾಗಲೇ, ಧ್ವನಿಮುದ್ರಿಸಿಕೊಳ್ಳುವ ಕಾರ್ಯವನ್ನು ಹೊರನಾಡಿನ ಕನ್ನಡ ಪೀಠವೊಂದು ಕೈಗೊಳ್ಳುವುದು ಅಸಾಧ್ಯವೇನಲ್ಲ. ನಿವೃತ್ತರಾದ ಅಂಥ ಕುಶಲಕರ್ಮಿಗಳು ಮಕ್ಕಳ ಮನೆ ಸೇರಿ ಪುಣೆ, ಹೈದರಾಬಾದು, ದೆಹಲಿಗಳಲ್ಲಿಯೂ ನೆಲೆಸಿರಬಹುದು.